ಅತಿಥಿಗಳ ಗಮನಕ್ಕೆ ಬರೆದ ಹದಿನಾಲ್ಕು ಹಾಳೆ

ಕಳೆದ ವಾರ ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ನೆಲ ಒರೆಸುವ ಹೊಸ ಎಣ್ಣೆ ಬಂತು. ಆಯಾ ಬಕೆಟ್ಟಿಗೆ ಎರಡು ಮುಚ್ಚಳ ಸುರಿದು ಒರೆಸತೊಡಗಿದಳು, ಮಜ್ಜಿಗೆ ಹುಲ್ಲಿನ ನಿಂಬೆಯಂಥ ವಾಸನೆ ಇಡೀ ಹಾಲ್ ತುಂಬಿಕೊಂಡಿತು. ಕಾಯುತ್ತ ಕೂತಿದ್ದ ಹೆಂಗಸೊಬ್ಬಳು, "ಏನ್ ಘಮ ಅಲ್ವಾ ಮೇಡಂ" ಎಂದಳು. ನಾನು ಎದ್ದು ಕಿಟಕಿ ಬಾಗಿಲು ತೆಗೆಸಿದೆ. ಬಕೆಟ್ಟಿನ ನೀರು ಚೆಲ್ಲಿಸಿ, ಬರೀ ಫಿನಾಯಿಲ್ ಹಾಕಿ ಮತ್ತೆ ಒರೆಸು ಎಂದೆ. ಆಯಾ ಗೊಣಗಿದಳು. ಡಾಕ್ಟರು ಯಾಕೆಂದು ಕೇಳಿದಾಗ, ಆ ವಾಸನೆಗೆ ತಲೆನೋವು ಬರುತ್ತದೆ ಎಂದೆ. ಸುಳ್ಳು ಹೇಳುವುದರಲ್ಲಿ ನಾನೀಗ ಸಾಕಷ್ಟು ಪಳಗಿದ್ದೇನೆ.

ನನಗದು ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದ ವಾಸನೆ. ಆ ಮಳೆಗಾಲದಲ್ಲಿ ಸಾಕಮ್ಮ ಸತ್ತಳು. ಅವಳ ಗಂಡ ಮುನಿಯಪ್ಪನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಆರು ವರ್ಷ ಚೆಕಿಂಗ್ ಸೆಕ್ಷನ್ನಿನಲ್ಲಿದ್ದೆ. ಅದು ಬಾಗಿಲು ಹಾಕಿತು. ಮನೆಯಲ್ಲಿ ಕೂತು ಮೂರು ತಿಂಗಳಾಗಿದ್ದಾಗ ಬೇರೊಂದು ಕೆಲಸ ಸಿಕ್ಕಿತು. ನಮ್ಮೂರಿನಿಂದ ಎರಡು ಕಿಲೋಮೀಟರ್ ದೂರದಲ್ಲಿ, ನೀಲಗಿರಿ ತೋಪು ದಾಟಿದ ಮೇಲೆ, ಬೆಂಗಳೂರಿನವರೊಬ್ಬರು ರಜೆಗೆ ಬರುವವರಿಗೆಂದು ವಿಲ್ಲಾ ಕಟ್ಟಿಸಿದ್ದರು. ಊರಿನವರು ಅದನ್ನು ಗಾಜಿನ ಮನೆ ಎನ್ನುತ್ತಿದ್ದರು. ಮೂರು ಕಡೆ ಗಾಜು, ಸುತ್ತ ತೆಂಗು, ಬಾಳೆ, ಯಾವುದೋ ದೇಶದ ಅಗಲ ಎಲೆಯ ಗಿಡಗಳು. ಒಳಗೆ ಕಾಲಿಟ್ಟರೆ ದೊಡ್ಡಬಳ್ಳಾಪುರ ತಾಲೂಕು ಮರೆತುಹೋಗಬೇಕು ಎಂದು ಮಾಲೀಕರು ಹೇಳುತ್ತಿದ್ದರು. ಅದಕ್ಕೇ ದಿನಕ್ಕೆರಡು ಸಲ ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕಿ ನೆಲ ಒರೆಸಬೇಕಿತ್ತು. ನಾನು ಅಲ್ಲಿಯ ಮ್ಯಾನೇಜರ್. ಊರಿನವರು ಮ್ಯಾನೇಜರ್ ಅಂದರೆ ಏನಮ್ಮಾ ಕೆಲಸ ಎಂದರೆ, ಫೋನ್ ಎತ್ತೋದು, ಬೈಸ್ಕೊಳ್ಳೋದು ಎನ್ನುತ್ತಿದ್ದೆ.

ನಿಜವಾದ ಕೆಲಸ ಮಾಡುತ್ತಿದ್ದವರು ಹಿಂದಿನ ಒಂದು ಕೋಣೆಯಲ್ಲಿದ್ದ ಸಾಕಮ್ಮ, ಮುನಿಯಪ್ಪ. ಆ ಜಮೀನಿನಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಅಲ್ಲಿ ದುಡಿದವರು. ರಾಗಿ ಹೋಗಿ ಗಾಜು ಬಂದರೂ ಅವರು ಹೋಗಲಿಲ್ಲ. ಮುನಿಯಪ್ಪ ತೋಟ ನೋಡಿಕೊಳ್ಳುತ್ತಿದ್ದ, ಎರಡು ಹಸುವಿನ ಹಾಲನ್ನು ಡೇರಿಗೆ ಹಾಕುತ್ತಿದ್ದ. ಸಾಕಮ್ಮ ಕಸ, ನೆಲ, ಹಾಸಿಗೆ, ಅಡುಗೆ ಎಲ್ಲ ಮಾಡುತ್ತಿದ್ದಳು. ಐವತ್ತೈದರ ಮೇಲಿನ ವಯಸ್ಸು, ಸಣಕಲು ಮೈ, ಬಾಯಿ ಮಾತ್ರ ಊರಿಗೇ ಕೇಳಿಸುವಂಥದ್ದು. ಅವರ ಒಬ್ಬಳೇ ಮಗಳನ್ನು ಸೋಂಪುರದ ಕಡೆ ಕೊಟ್ಟಿತ್ತು. ಅಳಿಯ ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದ. ಇಬ್ಬರೂ ಬಂದು ನಮ್ಮ ಜೊತೆಗೇ ಇರಿ ಎಂದು ಮಗಳು ಕರೆಯುತ್ತಲೇ ಇದ್ದಳು. ಮುನಿಯಪ್ಪನಿಗೆ ಹೋಗುವ ಆಸೆ. ಸಾಕಮ್ಮ ಹಸು ಬಿಟ್ಟು ಬರಲ್ಲ ಎಂದು ಪಟ್ಟು ಹಿಡಿದು ಕೂತಿದ್ದಳು.

ಜೂನ್ ಕೊನೆಯಲ್ಲಿ ಮಾಲೀಕರು, "ಪ್ರಭಾ, ಗೆಸ್ಟ್‌ಗಳು ಒಂದೇ ಪ್ರಶ್ನೆನ ಹತ್ತು ಸಲ ಕೇಳ್ತಾರೆ. ಎಲ್ಲಾ ಮಾಹಿತಿ ಒಂದು ಫೈಲಲ್ಲಿ ಬರೆದಿಡಿ. ನೀವು ಕನ್ನಡದಲ್ಲಿ ಬರೀರಿ, ನನ್ನ ಮಗಳು ಇಂಗ್ಲಿಷ್ ಮಾಡ್ತಾಳೆ" ಎಂದರು. ಶಾಲೆ ಬಿಟ್ಟ ಮೇಲೆ ಅಷ್ಟು ಇಷ್ಟಪಟ್ಟು ನಾನು ಏನನ್ನೂ ಬರೆದಿರಲಿಲ್ಲ. ಆದರೆ ಬರೆಯಲು ಕೂತಾಗ ನನಗೆ ಅರ್ಧಕ್ಕರ್ಧ ಗೊತ್ತೇ ಇಲ್ಲ ಎಂಬುದು ತಿಳಿಯಿತು. ಹೇಳಿದವಳು ಸಾಕಮ್ಮ. ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಅವಳು ಒಣ ಅವರೆಕಾಳು ಆರಿಸುತ್ತ ಹೇಳುತ್ತಿದ್ದಳು, ನಾನು ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದೆ.

"ಮ್ಯಾಪ್ ನೋಡ್ಕೊಂಡ್ ಬರೋರ್ಗೆ ಹೇಳು, ಅದು ಕೆರೆ ಏರಿ ಮ್ಯಾಲೆ ಕರ್ಕೊಂಡ್ ಬತ್ತದೆ. ಹೋದ್ಸಲ ಒಂದ್ ಕಾರು ಸಿಕ್ಕಾಕ್ಕೊಂಡಿತ್ತು. ಡೇರಿ ತಾವ ಬಲಕ್ ತಿರುಗ್ಬೇಕು ಅಂತ ಬರ್ಕೊ."

"ಬರ್ಕೊಂಡೆ."

"ಕೋತಿ ಬತ್ತವೆ. ಕೈಯಾಗೆ ಕವರ್ ಹಿಡ್ಕೊಂಡು ಓಡಾಡ್ಬ್ಯಾಡಿ ಅಂತ ಬರ್ಕೊ. ನವಿಲು ಕೂಗಿದ್ರೆ ಮಗು ಅತ್ತಂಗೆ ಕೇಳ್ತದೆ, ಎದ್ರುಕೊಬ್ಯಾಡಿ ಅಂತ. ಬೆಳ್ಗಾಗೆದ್ದು ಬರೀ ಕಾಲಲ್ಲಿ ಹುಲ್ಲಿನ್ ಮ್ಯಾಲೆ ನಡೀತಾರಲ್ಲ, ಯಾಕ್ ನಡೀತಾರೆ? ಮಳೆಗಾಲ್ದಲ್ಲಿ ಮಂಡಲದಾವು ಇರ್ತದೆ. ಅದ್ನೂ ಬರ್ಕೊ."

ಹೀಗೆ ಹದಿನಾಲ್ಕು ಹಾಳೆಯಾಯಿತು. ಹಾಲು ಎಷ್ಟು ಹೊತ್ತಿಗೆ ಸಿಗುತ್ತದೆ, ಹಾವು ಕಚ್ಚಿದರೆ ಯಾವ ಕಡೆಯ ಆಸ್ಪತ್ರೆಗೆ ಓಡಬೇಕು, ಫೋನ್ ಸಿಗ್ನಲ್ ಹೋದರೆ ಯಾವ ಬಂಡೆಯ ಮೇಲೆ ನಿಲ್ಲಬೇಕು, ಮೊಬೈಲಿನಲ್ಲಿ ತರಿಸಿಕೊಳ್ಳುವ ಊಟ ಇಲ್ಲಿಗೆ ಯಾಕೆ ಬರುವುದಿಲ್ಲ, ಮುದ್ದೆ ಬೇಕಿದ್ದರೆ ಸಾಕಮ್ಮನಿಗೆ ಎಷ್ಟು ಗಂಟೆಗೆ ಮೊದಲೇ ಹೇಳಬೇಕು. ಇಪ್ಪತ್ತನಾಲ್ಕು ಗಂಟೆಯೂ ನೀರು ಇರುತ್ತದೆ ಎಂಬುದು ಮಾಲೀಕರು ಸೇರಿಸಿದ್ದು. ಕರೆಂಟ್ ಇದ್ದರೆ ಎಂದು ನಾನು ಬರೆದಿದ್ದೆ, ಅದನ್ನು ಹೊಡೆದು ಹಾಕಿದ್ದರು.

ಹೊಡೆದು ಹಾಕಿದ್ದು ಇನ್ನೂ ಒಂದಿತ್ತು. ಮನೆಯ ಮುಂದೆ, ಹುಲ್ಲುಹಾಸು ಮುಗಿಯುವಲ್ಲಿ, ಹಳೆಯ ಕೃಷಿ ಹೊಂಡವಿತ್ತು. ಹಿಂದಿನವರು ತೋಡಿಸಿದ್ದು. ನಾಲ್ಕೂ ಕಡೆ ಇಳಿಜಾರು, ಮೇಲಿನಿಂದ ತಳದವರೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ. ಮಳೆ ಬಂದು ತುಂಬಿದರೆ ಬೆಟ್ಟದ ಸಾಲು ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು, ಆದ್ದರಿಂದ ಮಾಲೀಕರು ಅದನ್ನು ಮುಚ್ಚಿಸಲಿಲ್ಲ. ನೋಡಲು ಎಷ್ಟು ಚೆಂದವೋ ಅಷ್ಟೇ ಕೆಟ್ಟದ್ದು ಅದು. ಹಾಳೆಗೆ ಪಾಚಿ ಕಟ್ಟಿದ ಮೇಲೆ ಒಳಗೆ ಜಾರಿದವರಿಗೆ ಕಾಲೂರಲು ಏನೂ ಸಿಗುವುದಿಲ್ಲ. ಈಜು ಬಂದವರೂ ದಡ ಮುಟ್ಟುತ್ತಾರೆ, ಹತ್ತಲಾರದೆ ಮತ್ತೆ ಜಾರುತ್ತಾರೆ. ನಮ್ಮ ಕಡೆ ಹೊಂಡ ಇರುವ ರೈತರೆಲ್ಲ ಅದಕ್ಕೇ ಒಂದು ಗಂಟು ಹಗ್ಗ ಇಳಿಬಿಟ್ಟಿರುತ್ತಾರೆ. ಇಲ್ಲಿ ಅದನ್ನು ಹೊಸೆದವಳು ಸಾಕಮ್ಮ. ತೆಂಗಿನ ನಾರಿಗೆ ತನ್ನ ಹಳೇ ಸೀರೆಗಳನ್ನು ಸೇರಿಸಿ ಹುರಿ ಮಾಡಿ, ಮೊಳಕ್ಕೊಂದು ಗಂಟು ಹಾಕಿ, ದಡದ ಕಲ್ಲುಕಂಬಕ್ಕೆ ಬಿಗಿದಿದ್ದಳು. ಗಿಡಗಳಿಗೆ ನೀರು ಮೊಗೆಯುವಾಗ ಎಡಗೈಯಲ್ಲಿ ಹಗ್ಗ ಸುತ್ತಿಕೊಂಡು, ಬಲಗೈಯಲ್ಲಿ ಬಕೆಟ್ ಅದ್ದುತ್ತಿದ್ದಳು. ಹಗ್ಗ ಹಿಡಿಯದೆ ಅವಳು ಬಗ್ಗಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

"ಇದ್ನೂ ಬರ್ಕೊ," ಎಂದಿದ್ದಳು. "ಮಕ್ಳು ಮರಿ ಬತ್ತವೆ. ಬಿದ್ರೆ ಮೂಡಣ ದಿಕ್ಕಿನ್ ಕಂಬದ್ ತಾವ ಹಗ್ಗ ಅದೆ, ಹಿಡ್ಕೊಂಡ್ ಕೂಗಿ ಅಂತ."

ಬರೆದೆ. ಮಾಲೀಕರು ಫೋನಿನಲ್ಲಿ, "ಬಿದ್ದರೆ ಅಂತೆಲ್ಲ ಬರೆದ್ರೆ ಜನ ಬರ್ತಾರಾ? ಹೊಂಡದ ಹತ್ತಿರ ಹೋಗೋದನ್ನ ನಿಷೇಧಿಸಲಾಗಿದೆ, ಅಂತ ಒಂದೇ ಸಾಲು ಹಾಕಿ, ಸಾಕು" ಎಂದರು. ನನಗೂ ಸರಿ ಎನಿಸಿತು. ನಿಷೇಧಿಸಲಾಗಿದೆ ಎಂಬ ಪದಕ್ಕೆ ಒಂದು ತೂಕವಿತ್ತು, ಸರಕಾರಿ ಬೋರ್ಡಿನಲ್ಲಿರುವಂತೆ. ಅದನ್ನು ಬರೆದು ನಾನು ಒಳಗೊಳಗೇ ಬೀಗಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಆಗಸ್ಟಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ನಮ್ಮ ಸೀಮೆಗೆ ಅಂಥ ಮಳೆ ಅಭ್ಯಾಸವಿಲ್ಲ. ರಾಗಿ ಹೊಲದಲ್ಲಿ ನೀರು ನಿಂತು ಪೈರು ಹಳದಿಯಾಯಿತು. ಗಾಜಿನ ಮನೆಯ ಒಳಗೋಡೆಗಳ ಮೇಲೆ ಬೆವರು ಇಳಿಯುತ್ತಿತ್ತು, ತೊಳೆದ ಬೆಡ್‌ಶೀಟ್ ನಾಲ್ಕು ದಿನವಾದರೂ ಒಣಗುತ್ತಿರಲಿಲ್ಲ. ಸಾಕಮ್ಮ ಅವನ್ನು ಅಡುಗೆಮನೆಯ ಬೆಂಕಿಯ ಮುಂದೆ ಹಿಡಿದು ಕೂರುತ್ತಿದ್ದಳು. ಬಂದ ಅತಿಥಿಗಳು ಬೆಟ್ಟ ಕಾಣುವುದಿಲ್ಲ ಎಂದು ನನ್ನ ಮೇಲೆ ರೇಗುತ್ತಿದ್ದರು. ಮೋಡವನ್ನು ನಾನೇ ತಂದು ಕಟ್ಟಿದ್ದೇನೆ ಎನ್ನುವ ಹಾಗೆ. ಹೊಂಡ ಮಾತ್ರ ದಡ ಸಮ ತುಂಬಿತು.

ಒಂದು ಗುರುವಾರ ಸ್ವಲ್ಪ ಬಿಸಿಲು ಬಂದಾಗ ಮಾಲೀಕರು ಫೋಟೋ ತೆಗೆಯುವವನನ್ನು ಕಳಿಸಿದರು. ಅವನು ಮೊದಲು ತೆಗೆದ ಫೋಟೋವನ್ನು ಅಲ್ಲಿಂದಲೇ ಅವರಿಗೆ ಕಳಿಸಿದ. ಎರಡು ನಿಮಿಷಕ್ಕೆ ನನಗೆ ಫೋನ್ ಬಂತು. "ಪ್ರಭಾ, ನೀರಿನ ಪಕ್ಕ ಅದೇನದು ಚಿಂದಿ ನೇತಾಡ್ತಿದೆ? ತೆಗೆಸಿ."

ನಾನು ಸಾಕಮ್ಮನನ್ನು ಕರೆದೆ. "ಹಗ್ಗ ಬಿಚ್ಚು. ಫೋಟೋಲಿ ಬರುತ್ತಂತೆ."

ಅವಳು ಕೈ ಸೆರಗಿಗೆ ಒರೆಸಿಕೊಂಡು ಕಂಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಮಳೆಗೆ ನೆಂದು ಗಂಟು ಬಿಗಿದುಕೊಂಡಿತ್ತು, ಹಲ್ಲು ಹಾಕಿ ಬಿಚ್ಚಿದಳು. "ಫೋಟ ಆದ್ಮೇಲೆ ಕಟ್ಕೋತೀನಿ."

"ಈಗ್ಲೇ ಬೇಡ. ನಾಳೆ ಗೆಸ್ಟ್ ಬರ್ತಾರೆ, ಅವರೂ ಫೋಟೋ ಹಾಕ್ತಾರೆ. ಸೋಮವಾರ ಕಟ್ಟು. ಅಲ್ಲೀವರ್ಗೂ ಸ್ಟೋರ್ ರೂಮಲ್ಲಿರ್ಲಿ."

"ಹೂಂ, ಆಯ್ತು ಬುಡು," ಎಂದು ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದಳು. ಇಷ್ಟೇ ನಡೆದದ್ದು. ಆಗ ಅಲ್ಲಿ ಇದ್ದವರು ನಾನು, ಅವಳು, ಬೆಂಗಳೂರಿಗೆ ವಾಪಸು ಹೋಗಿಬಿಟ್ಟ ಆ ಫೋಟೋದವನು. ಮುನಿಯಪ್ಪ ಹಸುವಿಗೆ ಹುಲ್ಲು ತರಲು ಹೋಗಿದ್ದ.

ಶುಕ್ರವಾರ ಸಂಜೆ ಎಂಟು ಜನ ಬಂದರು. ಆ ರಾತ್ರಿಯ ಮಳೆಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಶನಿವಾರ ಬೆಳಗ್ಗೆ ನಾನು ದೊಡ್ಡಬಳ್ಳಾಪುರದಲ್ಲಿ, ಆ ಹದಿನಾಲ್ಕು ಹಾಳೆಗೆ ಲ್ಯಾಮಿನೇಷನ್ ಮಾಡಿಸುತ್ತ ಅಂಗಡಿಯಲ್ಲಿ ನಿಂತಿದ್ದೆ. ಅತಿಥಿಗಳಲ್ಲೊಬ್ಬರು ಫೋನ್ ಮಾಡಿ, ನಲ್ಲಿಯಲ್ಲಿ ಹನಿ ನೀರಿಲ್ಲ, ಇಪ್ಪತ್ತನಾಲ್ಕು ಗಂಟೆ ಎಂದು ನೀವೇ ಮೊಬೈಲಿಗೆ ಕಳಿಸಿದ ಹಾಳೆಯಲ್ಲಿದೆಯಲ್ಲ, ನಾವು ಏನು ಮಾಡಬೇಕು ಎಂದು ದಬಾಯಿಸಿದರು. ನಾನು ಮುನಿಯಪ್ಪನಿಗೆ ಫೋನ್ ಮಾಡಿ ಲೈನ್‌ಮ್ಯಾನನ್ನು ಕರೆತರಲು ಮೊಪೆಡ್ಡಿನಲ್ಲಿ ಓಡಿಸಿದೆ. ಆಮೇಲೆ ಸಾಕಮ್ಮನಿಗೆ ಮಾಡಿದೆ.

"ಟ್ಯಾಂಕ್ ಬರಿದಾಗ್ಬುಟ್ಟದೆ ಕಣವ್ವ."

"ಹೊಂಡದಿಂದ ನಾಲ್ಕು ಬಕೆಟ್ ತಂದು ಬಾತ್‌ರೂಮಿಗೆ ಇಟ್ಬಿಡು. ಅಷ್ಟೊತ್ತಿಗೆ ಕರೆಂಟ್ ಬರುತ್ತೆ."

"ಹೂಂ, ತತ್ತೀನಿ ಬುಡು."

ಹಗ್ಗದ ಮಾತು ಅವಳೂ ಎತ್ತಲಿಲ್ಲ, ನನಗೂ ನೆನಪಾಗಲಿಲ್ಲ. ಅವಳು ಯಾಕೆ ಎತ್ತಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸೋಮವಾರ ಎಂದು ನಾನೇ ಹೇಳಿದ್ದೆನಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವವಳು ಅವಳು.

ಮೂರು ಬಕೆಟ್ ನೀರು ಬಾತ್‌ರೂಮುಗಳ ಬಾಗಿಲಿಗೆ ಬಂದಿದ್ದವು. ನಾಲ್ಕನೆಯದು ಹೊಂಡದಲ್ಲಿ ತೇಲುತ್ತಿತ್ತು. ಗಾಜಿನ ಆಚೆಯಿಂದ ನೋಡಿದ ಹುಡುಗಿಯೊಬ್ಬಳು ಕಿರುಚಿದಳಂತೆ. ಎಲ್ಲರೂ ಹೊರಗೆ ಬಂದರು, ಬೆಡ್‌ಶೀಟ್ ಎಸೆದರು, ಅದು ನೀರಿನ ಮೇಲೆ ಹರಡಿಕೊಂಡಿತು. ಸಾಕಮ್ಮ ಎರಡು ಸಲ ದಡದ ಹಾಳೆಯ ಮೇಲೆ ಕೈ ಬಡಿದದ್ದನ್ನು ನೋಡಿದೆವು ಎಂದು ಅವರು ಆಮೇಲೆ ಹೇಳಿದರು. ಮುನಿಯಪ್ಪ ಲೈನ್‌ಮ್ಯಾನನ್ನು ಕೂರಿಸಿಕೊಂಡು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನು ನೇರ ಕಂಬದ ಹತ್ತಿರ ಓಡಿ, ಬರೀ ಕಂಬವನ್ನು ಎರಡೂ ಕೈಯಲ್ಲಿ ತಡವಿದನಂತೆ. ಹಗ್ಗ ಇಪ್ಪತ್ತು ಹೆಜ್ಜೆ ಆಚೆ, ಸ್ಟೋರ್ ರೂಮಿನ ಮೊಳೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿ ತೂಗುಹಾಕಿತ್ತು.

ಮಧ್ಯಾಹ್ನ ಠಾಣೆಯಿಂದ ಬಂದರು, ಮಾಲೀಕರೂ ಬಂದರು. ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ, "ಪ್ರಭಾ, ಆ ಫೈಲ್ ಕೊಡಿ" ಎಂದರು. ಅಂಗಡಿಯಿಂದ ತಂದ ಹಾಳೆಗಳು ನನ್ನ ಬ್ಯಾಗಿನಲ್ಲಿ ಹಾಗೇ ಇದ್ದವು. ಹೊಂಡದ ಬಳಿ ಹೋಗುವುದನ್ನು ನಿಷೇಧಿಸಲಾಗಿದೆ ಎಂಬ ಸಾಲನ್ನು ಅವರೇ ಬೆರಳಿಟ್ಟು ತೋರಿಸಿದರು. ಎಲ್ಲರಿಗೂ ತಿಳಿಸಿತ್ತಾ ಎಂದು ಪೊಲೀಸರು ಕೇಳಿದರು. ತಿಳಿಸಿತ್ತು ಎಂದೆ. ಸಾಕಮ್ಮನಿಗೆ ಓದು ಬರುತ್ತಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ಹಗ್ಗ ಇತ್ತಾ ಎಂದೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕಾಲು ಜಾರಿ ಬಿದ್ದು ಸಾವು ಎಂದು ಬರೆದುಕೊಂಡರು, ನಾನು ರುಜು ಹಾಕಿದೆ. ಕೆಲಸ ಹೋಗುತ್ತದೆ, ಕೋರ್ಟಿಗೆ ಎಳೆಯುತ್ತಾರೆ, ಊರಿನವರು ಮುಖಕ್ಕೆ ಉಗಿಯುತ್ತಾರೆ ಎಂಬ ಹೆದರಿಕೆಗೆ.

ಹನ್ನೊಂದನೆಯ ದಿನ ತಿಥಿ. ಅವತ್ತೂ ಮಳೆ ಹನಿಯುತ್ತಲೇ ಇತ್ತು. ಅವರ ಊರಿನ ಹಳೇ ಮನೆಯ ಮುಂದೆ ಟಾರ್ಪಾಲು ಕಟ್ಟಿ ಅಡುಗೆ ಮಾಡಿದ್ದರು. ಸೋಂಪುರದ ಮಗಳು ಒಲೆಯ ಮುಂದೆ ಕೂತು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡು, "ನಮ್ಮವ್ವ ನಿನ್ ಬಗ್ಗೆನೇ ಮಾತಾಡ್ತಿದ್ಲು ಕಣಕ್ಕ, ಪ್ರಭಮ್ಮ ನನ್ ಮಾತ್ನೆಲ್ಲ ಬರ್ಕೊಂಡವ್ಳೆ ಅಂತ" ಎಂದಳು. ಅಲ್ಲಿಂದ ಓಡಿಹೋಗಬೇಕೆನಿಸಿತು.

ಸಮಾಧಿಯ ಹತ್ತಿರ ಹೋಗುವ ಮುಂಚೆ ಮುನಿಯಪ್ಪ ನನ್ನನ್ನು ದನದ ಕೊಟ್ಟಿಗೆಯ ಕಡೆ ಕರೆದ. ಹತ್ತು ದಿನಕ್ಕೆ ಹತ್ತು ವರ್ಷ ಮುದುಕನಾಗಿದ್ದ. ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು, ನನ್ನ ಮುಖ ನೋಡದೆ ಕೇಳಿದ.

"ಆ ಪೈಲಲ್ಲಿ ಹಗ್ಗದ್ ಇಚಾರ ಬರ್ದಿದ್ಯಾ ಕಣವ್ವ?"

"ಇಲ್ಲ ಮುನಿಯಪ್ಪಣ್ಣ."

"ಹಗ್ಗ ಸ್ಟೋರ್ ರೂಮಲ್ಲಿತ್ತು. ನಾನ್ ಬಿಚ್ಲಿಲ್ಲ. ಅವ್ಳೇ ಬಿಚ್ಚಿದ್ಲಾ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗುವುದಿಲ್ಲ ಎಂದು ಆಗಲೇ ಗೊತ್ತಿತ್ತು. ನಾನು ಬಿಚ್ಚಿಸಿದೆ ಎಂದು ಎರಡೇ ಪದ. ಬಾಯಿಗೆ ಬಂದದ್ದು ಬೇರೆ.

"ಹೂಂ, ಅವಳೇ ಬಿಚ್ಚಿದ್ಲು."

ಅದು ಸುಳ್ಳಲ್ಲ. ಹಲ್ಲು ಹಾಕಿ ಅವಳೇ ಬಿಚ್ಚಿದ್ದನ್ನು ನಾನು ನಿಂತು ನೋಡಿದ್ದೆ.

ಮುನಿಯಪ್ಪ ತಲೆಯಾಡಿಸಿದ. ಗೊತ್ತಿದ್ದದ್ದನ್ನೇ ಕೇಳಿದವನ ಹಾಗೆ. "ನೀರಿಗೋಗೋಳು ಹಗ್ಗ ಯಾಕ್ ಬಿಚ್ಚಿ ಮಡಗ್ತಾಳೆ ಹೇಳು. ಹಗ್ಗ ಇಲ್ದೆ ಬಗ್ಗೋಳಲ್ಲ ಅವ್ಳು" ಎಂದ. "ಅವತ್ ಬೆಳಿಗ್ಗೆ ಜಗಳ ಆಡಿದ್ವಿ ಕಣವ್ವ. ಸೋಂಪುರಕ್ ಹೋಗನ ಅಂದೆ. ಹಸ ಬುಟ್ಟು ಬರಲ್ಲ ಅಂದ್ಲು. ನಂಗೆ ಸಿಟ್ಟು ಬಂದೋಯ್ತು. ಇಲ್ಲೇ ಬಿದ್ದು ಸಾಯಿ ಅಂದ್ಬುಟ್ಟೆ. ಅಂದ್ಬುಟ್ಟು ಮೊಪೆಡ್ ಅತ್ಕೊಂಡ್ ಹೋದೆ."

"ಹಂಗೆಲ್ಲ ಏನಿಲ್ಲ ಮುನಿಯಪ್ಪಣ್ಣ, ಕಾಲು ಜಾರಿದ್ದು" ಎಂದೆ. ಅವನು ನನ್ನ ಕಡೆ ಕರುಣೆಯಿಂದ ನೋಡಿದ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದು ತಿಳಿದುಕೊಂಡ. ಹಗ್ಗ ಗುರುವಾರವೇ ಬಿಚ್ಚಿದ್ದು, ಜಗಳ ಆದದ್ದು ಶನಿವಾರ ಎಂದು ಹೇಳಿದ್ದರೂ ಸಾಕಿತ್ತು. ಅಷ್ಟು ಹೇಳಿದರೆ, ಗುರುವಾರ ಯಾಕೆ ಬಿಚ್ಚಿದಳು ಎಂದು ಕೇಳುತ್ತಿದ್ದ.

ಅಷ್ಟರಲ್ಲಿ ಕರೆದರು. ಅವರ ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದರು, ಹಸಿ ಮಣ್ಣು ಮಳೆಗೆ ಕುಸಿದಿತ್ತು. ಬಾಳೆ ಎಲೆ ಹಾಸಿ ಅವಳಿಗೆ ಇಷ್ಟವಾದದ್ದನ್ನೆಲ್ಲ ತಂದಿದ್ದರು. ಮುದ್ದೆ, ಅವರೆಕಾಳಿನ ಸಾರು, ಕಡಲೆಪುರಿ, ಎಲೆ ಅಡಿಕೆ. ಮಗಳು ಮೊದಲು ಎಡೆ ಇಟ್ಟು ಕೈ ಮುಗಿದು ಸರಿದಳು. ಆಮೇಲೆ ಗಂಡ ಇಡಬೇಕು ಎಂದರು. ಮುನಿಯಪ್ಪ ಮುದ್ದೆಯ ತಟ್ಟೆ ಹಿಡಿದು ಎರಡು ಹೆಜ್ಜೆ ಹೋದ. ಅಲ್ಲೇ ನಿಂತ. ನೆಂಟರು ಮುಂದೆ ಹೋಗು ಎಂದು ಹೇಳುತ್ತಲೇ ಇದ್ದರು. ಅವನು ತಿರುಗಿ, ಜನರ ಹಿಂದೆ ಕೊಡೆ ಹಿಡಿದು ನಿಂತಿದ್ದ ನನ್ನ ಹತ್ತಿರ ಬಂದ.

"ನಾನ್ ಇಕ್ಬಾರ್ದು," ಎಂದ, ನನಗೊಬ್ಬಳಿಗೇ ಕೇಳುವ ಹಾಗೆ. "ನಾನೇ ಕಳ್ಸಿರೋದು ಅವ್ಳ. ನನ್ ಕೈಯಿಂದ ಮುಟ್ಟಲ್ಲ. ನಿನ್ ಕಂಡ್ರೆ ಪ್ರಾಣ ಇತ್ತು ಅವ್ಳಿಗೆ. ನೀನೇ ಇಕ್ಬುಡವ್ವ."

ನಾನು ಕೊಡೆ ಮಡಿಸಿ ಕೆಳಗಿಟ್ಟೆ. ತಟ್ಟೆ ತೆಗೆದುಕೊಂಡು ಹೋಗಿ ಇಕ್ಕಿದೆ.